ಹತ್ತು ಕಿಲೋ ಉಪ್ಪಿನ ಸಮುದ್ರ

ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ಪಕ್ಕದಲ್ಲಿ ಹುಟ್ಟಿದವನಾದರೂ ನಾನು ಹದಿನೆಂಟು ವರ್ಷ ಸಮುದ್ರವನ್ನು ಸರಿಯಾಗಿ ತಿರುಗಿ ನೋಡಿದವನಲ್ಲ. ಅದು ಮನೆಯ ಹಿಂದಿನ ಹಲಸಿನ ಮರದ ಹಾಗೆ ಅಲ್ಲಿಯೇ ಇತ್ತು, ನೋಡದಿದ್ದರೂ ಇರುತ್ತಿತ್ತು. ಅಂಥವನು ಈಗ ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ಸಿನಲ್ಲಿ, ಯಾವ ದಿಕ್ಕಿಗೆ ಕಾರು ಬಿಟ್ಟರೂ ಸಮುದ್ರ ಕಾಣಲು ಹಗಲೊಂದು ಪೂರ್ತಿ ಕಳೆಯಬೇಕಾದ ಊರಿನಲ್ಲಿ, ಪ್ರತಿ ಶನಿವಾರ ಬೆಳಿಗ್ಗೆ ನೆಲಮಾಳಿಗೆಯಲ್ಲಿ ಕುಳಿತು ಬಕೆಟ್ಟಿನೊಳಗೆ ಸಮುದ್ರವನ್ನು ಕದಡುತ್ತೇನೆ.

ಇದಕ್ಕೆಲ್ಲ ಮೂಲ ಹಲ್ಲಿನ ವೈದ್ಯರ ಕಾಯುವ ಕೊಠಡಿ. ಅಲ್ಲಿದ್ದ ಗಾಜಿನ ತೊಟ್ಟಿಯಲ್ಲಿ ಕಿತ್ತಳೆ ಮೈಗೆ ಬಿಳಿಯ ಪಟ್ಟೆ ಎಳೆದುಕೊಂಡ ಒಂದು ಮೀನು ನನ್ನ ಮಗಳನ್ನು ನೋಡಿ ಬಾಲ ಅಲ್ಲಾಡಿಸಿತು. ಮಗಳು ಕೇಳಿದ್ದು ಆ ಒಂದು ಮೀನನ್ನು ಮಾತ್ರ. ಆದರೆ ಅಂಗಡಿಯವನು ಮೀನಿಗೆ ಸಮುದ್ರ ಬೇಕೆಂದ. ಸಮುದ್ರಕ್ಕೆ ಬಂಡೆ ಬೇಕು, ಬಂಡೆಯ ಮೇಲೆ ಹವಳ ಇದ್ದರೆ ಚೆಂದ, ಹವಳಕ್ಕೆ ನೀಲಿ ದೀಪ ಬೇಕು, ಅಲೆಗೆ ಪಂಪು ಬೇಕು, ಕೊಳೆ ತೆಗೆಯಲು ನೊರೆಯ ಯಂತ್ರ ಬೇಕು ಎಂದು ಹೇಳುತ್ತಲೇ ಹೋದ. ಕೌಪೀನ ಕಡಿಯುವ ಇಲಿಗೆಂದು ಬೆಕ್ಕನ್ನು, ಬೆಕ್ಕಿನ ಹಾಲಿಗೆಂದು ಹಸುವನ್ನು, ಹಸುವನ್ನು ನೋಡಿಕೊಳ್ಳಲೆಂದು ಹೆಂಡತಿಯನ್ನು ತಂದುಕೊಂಡ ಸನ್ಯಾಸಿಯ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಆ ಸನ್ಯಾಸಿಗೆ ಕ್ರೆಡಿಟ್ ಕಾರ್ಡ್ ಇರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಹೀಗೆ ನಾಲ್ಕಡಿ ಉದ್ದದ, 284 ಲೀಟರ್ ಹಿಡಿಯುವ ಗಾಜಿನ ತೊಟ್ಟಿಯೊಂದು ನಮ್ಮ ಮನೆಗೆ ಬಂತು. ನೀರು, ಮರಳು, ಕಲ್ಲು ಎಲ್ಲ ಸೇರಿ ಸುಮಾರು 400 ಕಿಲೋ ತೂಗುವ ಈ ಅಲಂಕಾರವನ್ನು ಮರದ ತೊಲೆಗಳ ಮೇಲೆ ನಿಂತ ಅಮೆರಿಕದ ಮನೆಯ ನಡುಕೋಣೆಯಲ್ಲಿ ಇಡುವುದು ಬೇಡವೆಂದು ಹೆಂಡತಿ ತೀರ್ಪು ಕೊಟ್ಟಿದ್ದರಿಂದ ಅದು ನೆಲಮಾಳಿಗೆಗೆ ಇಳಿಯಿತು. ಈ ತೀರ್ಪಿನ ಬೆಲೆ ನನಗೆ ಗೊತ್ತಾಗಿದ್ದು ಒಂದು ವರ್ಷದ ನಂತರ.

ಸಮುದ್ರ ಮಾಡುವ ಕೆಲಸ ಉಪ್ಪಿನಿಂದ ಶುರುವಾಗುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ನಮ್ಮ ತೊಟ್ಟಿಗೆ ಹತ್ತು ಕಿಲೋ ಉಪ್ಪು ಬೇಕಾಯಿತು. ಅದನ್ನು ಬಕೆಟ್ಟಿನ ಲೆಕ್ಕದಲ್ಲಿ, ಡಾಲರು ಕೊಟ್ಟು ತಂದ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗ ಊರಿನಲ್ಲಿದ್ದ ಆಯಿ, ಎಂದರೆ ನನ್ನ ಅಮ್ಮ, ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವಳು ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನಾಗರಗಳನ್ನು ನೋಡುತ್ತ ಬೆಳೆದವಳು. ಹತ್ತು ಕಿಲೋ ಉಪ್ಪೆಂದರೆ ಅವಳ ಲೆಕ್ಕದಲ್ಲಿ ಎಷ್ಟು ಭರಣಿ ಅಪ್ಪೆಮಿಡಿ ಎಂಬುದು ಥಟ್ಟನೆ ಹೊಳೆಯುವಂಥದು. ಸಾಣಿಕಟ್ಟೆಯ ಉಪ್ಪನ್ನೇ ಯಾರಾದರೂ ಬರುವವರ ಕೈಯಲ್ಲಿ ಕಳಿಸುತ್ತೇನೆ, ಅದೂ ಸಮುದ್ರದ್ದೇ ಅಲ್ಲವೇ ಎಂದಳು. ಉಪ್ಪಿನಾಗರದಲ್ಲಿ ನೀರು ಆರುವಾಗ ಮೊದಲು ಸುಣ್ಣದ ಅಂಶವೂ ಜಿಪ್ಸಮ್ಮೂ ತಳಕ್ಕೆ ಕೂರುತ್ತವೆ, ಆಮೇಲೆ ಉಪ್ಪು ಹರಳುಗಟ್ಟುತ್ತದೆ, ಮೆಗ್ನೀಸಿಯಮ್ ಮಾತ್ರ ಕೊನೆಯ ಕಹಿನೀರಿನಲ್ಲಿ ಉಳಿದು ಹೋಗುತ್ತದೆ, ಆದ್ದರಿಂದ ಸಾರಿಗೆ ಹಾಕುವ ಉಪ್ಪನ್ನು ಮತ್ತೆ ನೀರಿಗೆ ಹಾಕಿದರೆ ಅದು ಸಮುದ್ರವಾಗುವುದಿಲ್ಲ, ಹವಳಕ್ಕೆ ಕ್ಯಾಲ್ಸಿಯಮ್ಮೂ ಮೆಗ್ನೀಸಿಯಮ್ಮೂ ಹಿಂದಿರುಗಬೇಕು ಎಂದು ನಾನು ವಿವರಿಸಿದೆ. ಆಯಿ ಎಲ್ಲವನ್ನೂ ಕೇಳಿ, ಬಿಲ್ಲು ಎಷ್ಟಾಯಿತೆಂದು ಮಾತ್ರ ಕೇಳಿದಳು.

ಹವಳದ ವಿಷಯದಲ್ಲಿ ಅವಳ ಗೊಂದಲ ಬೇರೆ ರೀತಿಯದು. ಹವಳವೆಂದರೆ ಅವಳಿಗೆ ಕರಿಮಣಿಯ ಜೊತೆ ಪೋಣಿಸುವ, ಕುಜನ ಕಾಟಕ್ಕೆ ಉಂಗುರದಲ್ಲಿ ಕೂರಿಸುವ ಕೆಂಪು ಮಣಿ. ಆ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ ಬೇರೊಂದು ಜಾತಿಯದು. ನಾನು ತಂದಿದ್ದು ಹೆಬ್ಬೆರಳ ಗಾತ್ರದ ಒಂದು ಕೊಂಬೆಯ ತುಂಡು, ಹೊಲಿಗೆಯ ಗುಂಡಿಯಂಥ ಬಿಲ್ಲೆಗೆ ಅಂಟಿಸಿದ್ದು. ಇದೇ ಕೆಲಸವನ್ನು ಊರಿನಲ್ಲಿ ಮಾಡಿದ್ದರೆ ನಾನು ಜೈಲಿನಲ್ಲಿರುತ್ತಿದ್ದೆ, ಏಕೆಂದರೆ ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿಯ ಪಂಕ್ತಿಯಲ್ಲಿಯೇ ಕೂತಿವೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋದರೆ ಸಿಗುವ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆಯೆಂಬುದು ನನಗೆ ತಿಳಿದಿದ್ದು ಓಹಾಯೋಕ್ಕೆ ಬಂದ ಮೇಲೆ.

ನೀರು ತುಂಬಿಸಿದ ಮೇಲೆ ಆರು ವಾರ ಏನೂ ಮಾಡಬಾರದು. ಕಲ್ಲಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆದು ಅಮೋನಿಯಾವನ್ನು ನೈಟ್ರೈಟ್ ಮಾಡಬೇಕು, ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡಬೇಕು. ಅಲ್ಲಿಯವರೆಗೆ ಮೀನು ಬಿಟ್ಟರೆ ಅದು ತನ್ನ ಮಲದ ವಿಷದಲ್ಲಿಯೇ ಸಾಯುತ್ತದೆ. ನನ್ನ ತಪ್ಪೆಂದರೆ ಗೆಳೆಯರನ್ನು ಮೂರನೆಯ ವಾರವೇ ಊಟಕ್ಕೆ ಕರೆದದ್ದು. ಎರಡು ಕುಟುಂಬಗಳು ಸೀರೆ, ಜುಬ್ಬಾ ಧರಿಸಿ ನೆಲಮಾಳಿಗೆಗೆ ಇಳಿದು, ನೀಲಿ ಬೆಳಕಿನಲ್ಲಿ ಕಂದು ಲೋಳೆ ಹಿಡಿದ ಹದಿನಾಲ್ಕು ಕಲ್ಲುಗಳನ್ನು ಹತ್ತು ನಿಮಿಷ ಮೌನವಾಗಿ ದರ್ಶನ ಮಾಡಿದವು. ಕೊನೆಗೆ ಒಬ್ಬರು, ನೀರು ತುಂಬ ತಿಳಿಯಾಗಿದೆ ಎಂದರು. ಆ ಕಂದು ಲೋಳೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಹೊಸ ತೊಟ್ಟಿಗಳಿಗೆ ಅದು ಮಕ್ಕಳಿಗೆ ಗಂಟಲು ಬೇನೆ ಬಂದ ಹಾಗೆ ಬಂದು ಹೋಗುತ್ತದೆ ಎಂದು ನಾನು ಊಟದ ಉದ್ದಕ್ಕೂ ಹೇಳಿದೆ. ಪಾಯಸ ಹೆಚ್ಚು ಖರ್ಚಾಗಲಿಲ್ಲ.

ಕೊನೆಗೂ ಎರಡು ಮೀನುಗಳು ಬಂದವು. ಬೆಲ್ಲದ ಬಣ್ಣವೆಂದು ಮಗಳು ಅವಕ್ಕೆ ಬೆಲ್ಲ, ಜೋನಿ ಎಂದು ಹೆಸರಿಟ್ಟಳು. ಜೋನಿಯನ್ನು ಅವಳು ತಮ್ಮನೆಂದೇ ಕರೆಯುತ್ತಿದ್ದಳು. ಆದರೆ ಕ್ಲೌನ್‌ಫಿಶ್ ಎಂಬ ಈ ಜಾತಿಯಲ್ಲಿ ಎಲ್ಲವೂ ಗಂಡಾಗಿಯೇ ಬೆಳೆದು, ಜೋಡಿಯಲ್ಲಿ ದೊಡ್ಡದಾದದ್ದು ಹೆಣ್ಣಾಗುತ್ತದೆ. ವರ್ಷ ತುಂಬುವುದರೊಳಗೆ ಜೋನಿ ಬೆಲ್ಲನಿಗಿಂತ ಒಂದೂವರೆಪಟ್ಟು ಬೆಳೆದು ಸಂಸಾರದ ಯಜಮಾನಿಯಾಯಿತು.

ಇವುಗಳ ಊಟವೇ ನಮ್ಮ ಮನೆಯ ಮೊದಲ ಧರ್ಮಸಂಕಟ. ಮೊಟ್ಟೆಯನ್ನೂ ತಿನ್ನದ ನಮ್ಮ ಮನೆಯ ಫ್ರೀಜರಿನಲ್ಲಿ, ತೆಂಗಿನತುರಿಯ ಡಬ್ಬಕ್ಕೂ ಪತ್ರೊಡೆಯ ಉರುಳೆಗಳಿಗೂ ನಡುವೆ, ಸಣ್ಣ ಸೀಗಡಿಗಳನ್ನು ಹೆಪ್ಪುಗಟ್ಟಿಸಿದ ಕಂದು ಘನಗಳ ಒಂದು ಹಾಳೆಯನ್ನು ನಾನು ಇಟ್ಟೆ. ಅದು ಹುಣಿಸೆಹಣ್ಣಿನ ತಿಳಿಯನ್ನು ಗಟ್ಟಿ ಮಾಡಿದ ಹಾಗೆಯೇ ಕಾಣುತ್ತಿತ್ತು ಎಂಬುದನ್ನು ನಾನು ಮೊದಲೇ ಗಮನಿಸಬೇಕಿತ್ತು. ಹೆಂಡತಿ ಒಂದು ಘನವನ್ನು ಸಾರಿನ ಪಾತ್ರೆಯ ಮೇಲೆ ಹಿಡಿದಿದ್ದಾಗ ನಾನು ಮೆಟ್ಟಿಲಿಳಿದು ಬಂದೆ. ಅಂದು ಸಂಜೆಯೇ ಮೀನುಗಳಿಗಾಗಿ ಪ್ರತ್ಯೇಕ ಫ್ರಿಜ್ಜೊಂದು ಮನೆಗೆ ಬಂತು. ಸನ್ಯಾಸಿಯ ಹಸು ಎರಡನೆಯ ಕರು ಹಾಕಿತು.

ಆಯಿ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದದ್ದು ಆ ಹೊತ್ತಿಗೆ. ತೊಟ್ಟಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತವಳು ಮೊದಲು ಕೇಳಿದ್ದು, ಇದು ಪ್ರಾಣಿಯೋ ಗಿಡವೋ ಕಲ್ಲೋ ಎಂದು. ಹವಳ ಪ್ರಾಣಿ, ಆದರೆ ಅದರ ಮೈಯೊಳಗೆ ಪಾಚಿ ವಾಸವಾಗಿದ್ದು ಬಿಸಿಲಿನಲ್ಲಿ ಅಡುಗೆ ಮಾಡಿ ಹಾಕುತ್ತದೆ, ಆ ಊಟದ ಬಲದಿಂದ ಪ್ರಾಣಿ ನೀರಿನಲ್ಲಿರುವ ಸುಣ್ಣವನ್ನು ಹೀರಿ ಕಲ್ಲು ಕಟ್ಟುತ್ತದೆ ಎಂದೆ. ಹಾಗಾದರೆ ಮೂರೂ ಹೌದು ಎಂದು ಅವಳು ಸಮಾಧಾನಪಟ್ಟಳು.

ತೊಟ್ಟಿಯ ನೀರು ದಿನಕ್ಕೆ ನಾಲ್ಕೈದು ಲೀಟರ್ ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟಕ್ಕೆ ಶುದ್ಧ ಸಿಹಿನೀರನ್ನು ತುಂಬಬೇಕು. ಇದಕ್ಕೆಂದು ಒಂದು ಕ್ಯಾನು, ವಾರಕ್ಕೊಮ್ಮೆ ನೀರು ಬದಲಿಸಲು ಕಲಸಿಟ್ಟ ಉಪ್ಪುನೀರಿನ ಇನ್ನೊಂದು ಕ್ಯಾನು, ಎರಡೂ ಒಂದೇ ಬಣ್ಣದವು, ಒಂದೇ ಅಂಗಡಿಯವು. ಚೀಟಿ ಅಂಟಿಸುವ ಕೆಲಸವನ್ನು ನಾನು ನಾಳೆಗೆಂದು ಇಟ್ಟುಕೊಂಡಿದ್ದೆ. ಒಂದು ವಾರ ಹವಳಗಳು ದಿನದಿಂದ ದಿನಕ್ಕೆ ಮುದುಡುತ್ತ ಹೋದವು. ನಾನು ದೀಪವನ್ನು ಅನುಮಾನಿಸಿದೆ, ಪಂಪನ್ನು ಅನುಮಾನಿಸಿದೆ, ರಾತ್ರಿ ಹನ್ನೊಂದಕ್ಕೆ ಕುಳಿತು ಫಾಸ್ಫೇಟ್ ಪರೀಕ್ಷೆಯ ಗಾಜಿನ ನಳಿಕೆಯಲ್ಲಿ ನೀಲಿಯ ಎರಡು ಛಾಯೆಗಳ ನಡುವಿನ ಭೇದವನ್ನು ಧ್ಯಾನಿಸಿದೆ. ಎಂಟನೆಯ ದಿನ ಬೆಳಿಗ್ಗೆ ನಾನು ನೀರು ತುಂಬುವುದನ್ನು ನೋಡುತ್ತ ಕೂತಿದ್ದ ಆಯಿ ಕ್ಯಾನಿನ ಬಾಯಿಗೆ ಬೆರಳು ಅದ್ದಿ ನಾಲಿಗೆಗೆ ತಾಗಿಸಿಕೊಂಡು, “ತಮಾ, ಇದು ಉಪ್ಪು ನೀರಲ್ದನಾ?” ಎಂದಳು. ನೂರಿಪ್ಪತ್ತು ಡಾಲರಿನ ಲವಣಮಾಪಕ ಪಕ್ಕದ ಕಪಾಟಿನಲ್ಲಿ, ತನ್ನ ಮಖಮಲ್ಲಿನ ಪೆಟ್ಟಿಗೆಯೊಳಗೆ ನಿದ್ದೆ ಮಾಡುತ್ತಿತ್ತು. ತೆಗೆದು ನೋಡಿದರೆ, ಸಿಹಿನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಅದರ ಲೆಕ್ಕದಲ್ಲಿ 1.025 ಇರಬೇಕಾದದ್ದು 1.029.

ಅಂದಿನಿಂದ ತೊಟ್ಟಿಯ ಅರ್ಧ ಅಧಿಕಾರ ಅವಳಿಗೆ ಹೋಯಿತು. ಉಳಿದರ್ಧ ಹೋದದ್ದು ಸುಣ್ಣದ ಪ್ರಕರಣದಲ್ಲಿ. ಹವಳ ಕಲ್ಲು ಕಟ್ಟಲು ನೀರಿನ ಕ್ಯಾಲ್ಸಿಯಮ್ಮನ್ನು ತಿನ್ನುತ್ತ ಹೋಗುವುದರಿಂದ ಅದನ್ನು ಮತ್ತೆ ಕೊಡಬೇಕು. ಇದಕ್ಕೆ ಕಾಲ್ಕ್‌ವಾಸರ್ ಎಂಬ ಜರ್ಮನ್ ಹೆಸರಿನ ಬಿಳಿಯ ಪುಡಿಯನ್ನು ನಾನು ಭಯಭಕ್ತಿಯಿಂದ ತರಿಸಿದ್ದೆ. ಆಯಿ ಡಬ್ಬದ ಮುಚ್ಚಳ ತೆಗೆದು, ಚಿಟಿಕೆ ಪುಡಿಯನ್ನು ಅಂಗೈ ಮೇಲೆ ನೀರಿನಲ್ಲಿ ನಾದಿ, ತನ್ನ ಎಲೆಯಡಿಕೆಯ ಕವಳದ ತಟ್ಟೆಯತ್ತ ಒಮ್ಮೆ ನೋಡಿದಳು. ಅದು ಸುಣ್ಣವೇ. ಜರ್ಮನ್ ಹೆಸರಿನ ಅರ್ಥವೂ ಸುಣ್ಣದ ನೀರು ಎಂದೇ. ಅಘನಾಶಿನಿಯ ಅಳಿವೆಯಲ್ಲಿ ಬಳಚಿನ ಚಿಪ್ಪು ತೆಗೆದು ಸುಟ್ಟು ಸುಣ್ಣ ಮಾಡುವುದನ್ನು ಕಂಡವಳಿಗೆ, ಸಮುದ್ರದ ಜೀವಕ್ಕೆ ಸುಣ್ಣ ಬೇಕೆಂಬುದು ಸೋಜಿಗವೆನಿಸಲೇ ಇಲ್ಲ. ಲೀಟರಿಗೆ ಎರಡು ಗ್ರಾಂ ಕೂಡ ಕರಗದ ವಸ್ತು ಅದು. ಕಲಸಿಟ್ಟು, ಕೆಳಗೆ ಕೂತ ಗಸಿಯನ್ನು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಹನಿಹನಿಯಾಗಿ ಬಿಡಬೇಕು ಎಂದು ಪುಸ್ತಿಕೆಯೂ ಹೇಳಿತ್ತು, ಆಯಿಯೂ ಹೇಳಿದಳು. ಆಫೀಸಿಗೆ ಹೊತ್ತಾಗಿದ್ದರಿಂದ ನಾನು ಗಸಿಯ ಸಮೇತ ಅರ್ಧ ಜಗ್ಗು ಸುರಿದು ಹೊರಟೆ. ಸಂಜೆ ಬಂದಾಗ ತೊಟ್ಟಿಯ ತುಂಬ ನೀರುಮಜ್ಜಿಗೆ ಇತ್ತು. ಬೆಲ್ಲ ಜೋನಿಯರು ಅದರೊಳಗೆ ಇಂಗಿನ ಒಗ್ಗರಣೆಯ ಹಾಗೆ ಅಲ್ಲೊಮ್ಮೆ ಇಲ್ಲೊಮ್ಮೆ ಕಾಣಿಸಿಕೊಂಡರು. ಮೂರು ದಿನ ಒಂದು ಹವಳವೂ ಬಾಯಿ ಬಿಡಲಿಲ್ಲ. ಮನೆಯಲ್ಲಿ ನಾನೂ ಬಿಡಲಿಲ್ಲ.

ನೆಲಮಾಳಿಗೆಯ ತೀರ್ಪಿನ ಬೆಲೆಯನ್ನು ಹೇಳುವುದು ಉಳಿದಿದೆ. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಸಂಪು ಎಂಬ ಇನ್ನೊಂದು ಪುಟ್ಟ ತೊಟ್ಟಿ ಇರುತ್ತದೆ. ಮೇಲಿನ ನೀರು ಅದಕ್ಕೆ ಇಳಿದು, ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲಿನ ಕೊಳೆಯನ್ನು ಜಾಲಿಸಿ ತೆಗೆಯುವ ಹಾಗೆ ಅಲ್ಲಿನ ಯಂತ್ರ ನೊರೆಯೆಬ್ಬಿಸಿ ಕೊಳೆ ತೆಗೆದ ಮೇಲೆ, ಪಂಪು ಅದನ್ನು ಮೇಲಕ್ಕೆ ಕಳಿಸುತ್ತದೆ. ವಿದ್ಯುತ್ತು ಹೋದರೆ ಪಂಪಿನ ಕೊಳವೆಯೇ ತಿರುಗಿ ನೀರನ್ನು ಕೆಳಗೆ ಎಳೆಯತೊಡಗುತ್ತದೆ; ಅದನ್ನು ತಡೆಯಲು ನೀರಿನ ಮಟ್ಟದ ಸ್ವಲ್ಪ ಕೆಳಗೆ ಕೊಳವೆಗೊಂದು ತೂತು ಕೊರೆದಿರುತ್ತಾರೆ, ಮಟ್ಟ ಇಳಿದೊಡನೆ ಗಾಳಿ ಹೊಕ್ಕು ಹರಿವು ನಿಲ್ಲಲೆಂದು. ನಾನೂ ಕೊರೆದಿದ್ದೆ, ಎರಡು ಸಲ ಪರೀಕ್ಷಿಸಿಯೂ ಇದ್ದೆ. ಜೂನಿನ ಒಂದು ರಾತ್ರಿ ಗುಡುಗು ಮಳೆಗೆ ಬಡಾವಣೆಯ ವಿದ್ಯುತ್ತು ಹೋದಾಗ, ಪಾಚಿ ತಿನ್ನಲೆಂದು ನಾನೇ ದುಡ್ಡು ಕೊಟ್ಟು ತಂದಿದ್ದ ಬಸವನಹುಳು ಸರಿಯಾಗಿ ಆ ತೂತಿನ ಮೇಲೆ ಕುಳಿತಿತ್ತು. ನಮ್ಮ ತೊಟ್ಟಿಯಲ್ಲಿ ಒಂದು ಇಂಚು ನೀರೆಂದರೆ 14 ಲೀಟರ್. ಕೊಳವೆಯ ಬಾಯಿ ನಾಲ್ಕು ಇಂಚು ಆಳದಲ್ಲಿತ್ತು, ಸಂಪಿನಲ್ಲಿ ಉಳಿದಿದ್ದ ಜಾಗ 15 ಲೀಟರಿನದು. ಉಳಿದ ಲೆಕ್ಕವನ್ನು ಕತ್ತಲಲ್ಲಿ ಮೆಟ್ಟಿಲಿಳಿದ ನನ್ನ ಬರಿಗಾಲುಗಳು ಕಾರ್ಪೆಟ್ಟಿನ ಮೇಲೆ ಮಾಡಿದವು.

ಅಂದು ಐದು ಗಂಟೆ ವಿದ್ಯುತ್ತು ಬರಲಿಲ್ಲ. ನೀರು ಅಲುಗಾಡದಿದ್ದರೆ ಅದರಲ್ಲಿನ ಆಮ್ಲಜನಕ ಮುಗಿದು ಮೀನುಗಳು ಉಸಿರುಗಟ್ಟುತ್ತವೆ. ಇಂಥ ಹೊತ್ತಿಗೆಂದು ತಂದಿಟ್ಟಿದ್ದ ಬ್ಯಾಟರಿಯ ಗಾಳಿಯಂತ್ರದಲ್ಲಿ ಬ್ಯಾಟರಿ ಇರಲಿಲ್ಲ, ಅವು ಮಗಳ ಗೊಂಬೆಯೊಳಗಿದ್ದವು. ಆಯಿ ಮೇಲಿನಿಂದ ಚೊಂಬು ತರಿಸಿ, ಸೆರಗು ಸಿಕ್ಕಿಸಿಕೊಂಡು ಸ್ಟೂಲಿನ ಮೇಲೆ ನಿಂತು, ಕಾಫಿ ಆರಿಸುವ ಹಾಗೆ ನೀರನ್ನು ಎತ್ತಿ ಎತ್ತಿ ಹೊಯ್ಯತೊಡಗಿದಳು. ನಾನು ಮೊಣಕಾಲೂರಿ ಟವೆಲ್ಲುಗಳಿಂದ ಸಮುದ್ರವನ್ನು ಹಿಂಡುತ್ತಿದ್ದೆ. ಟಾರ್ಚ್ ಹಿಡಿದ ಮಗಳು, ಅಪಾರ್ಟ್‌ಮೆಂಟಿನಲ್ಲಿರುವ ತನ್ನ ಗೆಳತಿ ನಾಯಿ ಸಾಕಿದ್ದಾಳೆ, ಅದಕ್ಕೆ ಇಷ್ಟು ಕಷ್ಟವಿಲ್ಲ ಎಂದಳು. ಬಸವನಹುಳು ಬೆಳಗಿನವರೆಗೂ ಕದಲಲಿಲ್ಲ.

ಈ ಸಲದ ಜುಲೈಯಲ್ಲಿ, ಮಗಳ ಶಾಲೆಯ ಬೇಸಿಗೆ ರಜೆಗೆ, ನಾವೇ ಊರಿಗೆ ಹೋದೆವು. ತೊಟ್ಟಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಎರಡು ಕ್ಯಾನುಗಳಿಗೂ ಕೆಂಪು, ಹಸಿರು ಚೀಟಿ ಅಂಟಿಸಿ ಹೊರಟರೂ ನನಗೆ ಸಮಾಧಾನವಿರಲಿಲ್ಲ. ಮಳೆ ಒಂದಿಷ್ಟು ಹೊಳವಾದ ಸಂಜೆ ಆಯಿಯ ಜೊತೆ ಅಳಿವೆಗೆ ಹೋದೆ. ಹೊಳೆ ಕೆಂಪಗೆ ತುಂಬಿ ಸಮುದ್ರಕ್ಕೆ ನುಗ್ಗುತ್ತಿತ್ತು. ಹದಿನೆಂಟು ವರ್ಷ ತಿರುಗಿ ನೋಡದ ನೀರಿನಲ್ಲಿ ಮೊಣಕಾಲುದ್ದ ನಿಂತು ನಾನು ಪಕ್ಕದ ಮನೆಯವರಿಗೆ, ಹಸಿರು ಚೀಟಿಯ ಕ್ಯಾನು, ಕೆಂಪಲ್ಲ ಎಂದು ಫೋನಿನಲ್ಲಿ ಬರೆದೆ. ಬಳಿಕ ಯಾರೂ ನೋಡುತ್ತಿಲ್ಲವೆಂದುಕೊಂಡು ಜೇಬಿನಿಂದ ಲವಣಮಾಪಕವನ್ನು ತೆಗೆದು, ಅರಬ್ಬೀ ಸಮುದ್ರದ ಎರಡು ಹನಿಯನ್ನು ಅದರ ಗಾಜಿನ ಮೇಲೆ ಬಿಟ್ಟು, ಮೋಡದ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದೆ. 1.008.

ದಂಡೆಯ ಮೇಲೆ ಕೊಡೆ ಹಿಡಿದು ನಿಂತಿದ್ದ ಆಯಿ ಕೂಗಿ ಕೇಳಿದಳು:

“ಉಪ್ಪು ಕಡ್ಮೆ ಆಯ್ದಾ ತಮಾ?”