ಬಳ್ಳಾರಿಯಲ್ಲೇ ಬೇರು ಇರುವ ಕೆಲಸ

ಆತ್ಮಹತ್ಯೆ ತಡೆಗೆ ಜಿಲ್ಲಾ ಯೋಜನೆ ಮಾಡುವಾಗ ಜನರನ್ನೂ ಕೂಡಿಸಿಕೊಳ್ಳಬೇಕು ಅಂತ ಬರೆದಿದ್ದೀರಿ, ಪೂರ್ತಿ ಒಪ್ಪುತ್ತೇನೆ. ನಾನು ಸಿರುಗುಪ್ಪ ಕಡೆಯವನು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದದ್ದು, ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯ ಮೇಲೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೇ ತರಬೇತಿ ಕೊಟ್ಟಿದ್ದರು. ಇದು ನಮ್ಮವರಿಗೇ ಗೊತ್ತಿಲ್ಲವಲ್ಲ ಅಂತ ಬೇಸರ ನನಗೆ.

ಆದರೆ ಜನರನ್ನು ಕೂಡಿಸೋ ಸಭೆ ಜಿಲ್ಲಾ ಕಚೇರಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಬೇಡ. ಮೆಣಸಿನಕಾಯಿ ಬಿಡಿಸೋ ಹೆಣ್ಣುಮಕ್ಕಳು ಆಗ ಹೊಲದಲ್ಲಿರ್ತಾರೆ. ಸಂಜೆ ಊರ ಕಟ್ಟೆಗೆ ಬನ್ನಿ. ಆಶಾ ಕಾರ್ಯಕರ್ತೆ, ಗೊಬ್ಬರದಂಗಡಿಯವರು, ಸ್ವಸಹಾಯ ಸಂಘದವರು, ತಮ್ಮವರನ್ನು ಕಳಕೊಂಡ ಮನೆಯವರು, ಎಲ್ಲರನ್ನೂ ಕೂಡಿಸಿ. ಯಾರಿಗೆ ಸಾಲ ಕುತ್ತಿಗೆಗೆ ಬಂದಿದೆ, ಯಾರು ನಾಲ್ಕು ದಿನದಿಂದ ಮಾತು ಬಿಟ್ಟು ಕೂತಿದ್ದಾರೆ ಅನ್ನೋದು ಮೊದಲು ತಿಳಿಯೋದು ಇವರಿಗೇ. ಕಳಕೊಂಡವರನ್ನು ಮಾತ್ರ ಒತ್ತಾಯ ಮಾಡಬೇಡಿ, ಅವರು ತಾವಾಗಿ ಬಂದರೆ ಬರಲಿ.

ಆತ್ಮಹತ್ಯೆಗೆ ಯತ್ನಿಸಿದವರ ಮೇಲೆ ಪೊಲೀಸ್ ಕೇಸ್ ಆಗುತ್ತೆ ಅನ್ನೋ ಹೆದರಿಕೆ ಇನ್ನೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರಿಗೆ ಶಿಕ್ಷೆಯಲ್ಲ, ಆರೈಕೆ ಸಿಗಬೇಕು ಅನ್ನುತ್ತೆ. ಅದನ್ನು ಸಭೆಯಲ್ಲಿ ಬಿಡಿಸಿ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು. ಪ್ರತಿ ಗೊಬ್ಬರದಂಗಡಿ ಗೋಡೆ ಮೇಲೂ ಅದನ್ನು ದೊಡ್ಡದಾಗಿ ಬರೆಸಿ.