ಫ್ರಿಜ್ಜೂ ಕ್ಷಿಪಣಿಯೂ

ರಾತ್ರಿ ಎರಡೂವರೆಗೆ ಎಚ್ಚರವಾದಾಗ ಮನೆಯಲ್ಲಿ ಏನೋ ಕಡಿಮೆಯಾಗಿದೆ ಅನ್ನಿಸಿತು. ಫ್ಯಾನ್ ತಿರುಗುತ್ತಿತ್ತು. ಹಿಂದಿನ ಬೀದಿಯ ನಾಯಿ ತನ್ನ ಡ್ಯೂಟಿ ಮಾಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು, ಫ್ರಿಜ್ಜಿನ ಗೊರಕೆ ಇಲ್ಲ. ಹನ್ನೆರಡು ವರ್ಷ ಕೇಳಿ ಕೇಳಿ ಅದು ಕಿವಿಗೆ ಬೀಳುವುದೇ ನಿಂತುಹೋಗಿತ್ತು. ನಿಂತ ರಾತ್ರಿ ಬಿತ್ತು.

ಬೆಳಗಾಗುವಷ್ಟರಲ್ಲಿ ದೋಸೆ ಹಿಟ್ಟು ಪಾತ್ರೆಯ ಮುಚ್ಚಳ ಎತ್ತಿ ಹೊರಗೆ ಇಣುಕುತ್ತಿತ್ತು. ಕಾಯಿಸಲು ಇಟ್ಟ ಹಾಲು ಒಡೆಯಿತು. ಫ್ರೀಜರಿನ ಮಂಜು ಕರಗಿ ಅಡುಗೆಮನೆಯ ನೆಲದ ಮೇಲೆ ಸಣ್ಣದೊಂದು ಕಾವೇರಿ ಹರಿದಿತ್ತು. ಹೆಂಡತಿ ಫ್ರಿಜ್ಜಿನ ಬೆನ್ನಿಗೆ ಎರಡು ಏಟು ತಟ್ಟಿದಳು. ಮೂರು ವರ್ಷದಿಂದ ಅದಕ್ಕೆ ಇದೇ ಔಷಧಿ, ಎಷ್ಟೋ ಸಲ ಗುಣವಾಗಿದೆ. ಈ ಸಲ ಆಗಲಿಲ್ಲ.

"ಮನೆಗೆ ಇನ್ಶೂರೆನ್ಸ್ ಮಾಡ್ಸಿದೀರಲ್ವಾ, ಅದನ್ನ ತೆಗೀರಿ" ಎಂದಳು.

ಎಲ್ಲರ ಮನೆಯಲ್ಲೂ ಇರುವಂತೆ ನಮ್ಮಲ್ಲೂ ಒಂದು ದಪ್ಪ ಫೈಲಿದೆ. ಅದರಲ್ಲಿ, ನಾವು ಯಾವತ್ತೋ ಗುಜರಿಗೆ ಹಾಕಿದ ಮಿಕ್ಸಿಯ ವಾರಂಟಿ ಕಾರ್ಡ್ ಭದ್ರವಾಗಿದೆ. ಗೀಸರಿನ ಬಿಲ್ಲೂ ಇದೆ, ಆದರೆ ಪೂರ್ತಿ ಬಿಳಿ ಹಾಳೆ. ಈಗಿನ ಅಂಗಡಿಗಳ ಆ ನುಣುಪು ಕಾಗದದ ಅಕ್ಷರ ಇಂಕಿನದಲ್ಲ, ಶಾಖಕ್ಕೆ ಮೂಡಿದ್ದು. ವರ್ಷ ಎರಡು ವರ್ಷಕ್ಕೆ ಮಾಯವಾಗುತ್ತದೆ. ಐದು ವರ್ಷದ ವಾರಂಟಿಗೆ ಎರಡು ವರ್ಷ ಬಾಳುವ ಬಿಲ್ಲು ಕೊಡುವವರ ಬುದ್ಧಿಯನ್ನು ಮೆಚ್ಚಬೇಕು.

ಪಾಲಿಸಿ ತಳದಲ್ಲಿ ಸಿಕ್ಕಿತು. ಮನೆ ಸಾಲದ ದಿನ ಬ್ಯಾಂಕಿನಲ್ಲಿ ಹಾಕಿದ ನೂರೆಂಟು ಸಹಿಗಳ ನಡುವೆ ಇದಕ್ಕೂ ಒಂದು ಬಿದ್ದಿತ್ತು. ಹೆಸರು 'ಭಾರತ್ ಗೃಹ ರಕ್ಷಾ'. 2021ರ ಏಪ್ರಿಲ್ 1ರಿಂದ ಯಾವ ಕಂಪನಿಯಲ್ಲಿ ತಗೊಂಡರೂ ಈ ಪಾಲಿಸಿಯ ಒಕ್ಕಣೆ ಒಂದೇ ಇರಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಒಳಗಿನ ಸಾಮಾನಿಗೂ ತಾನಾಗಿ ಸಿಗುತ್ತದೆ. ಕಟ್ಟಡದ ಮೊತ್ತದ ನೂರಕ್ಕೆ 20ರಷ್ಟು, ಗರಿಷ್ಠ 10 ಲಕ್ಷ. ಸಾಮಾನು ಅಂದ ಮೇಲೆ ಫ್ರಿಜ್ಜೂ ಬಂತಲ್ಲ! ಹುರುಪಿನಿಂದ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಲು ಕೂತೆ.

ಬೆಂಕಿಗೆ ಕೊಡುತ್ತಾರೆ. ಸಿಡಿಲು, ಭೂಕಂಪ, ಚಂಡಮಾರುತ, ನೆರೆ, ಭೂಕುಸಿತಕ್ಕೆ ಕೊಡುತ್ತಾರೆ. ಕಾಡ್ಗಿಚ್ಚಿಗೆ ಕೊಡುತ್ತಾರೆ. ಗಲಭೆಗೂ ಕೊಡುತ್ತಾರೆ. ಜ್ವಾಲಾಮುಖಿಗೆ ಕೊಡುತ್ತಾರೆ. ಅಲ್ಲಿ ಒಂದು ಕ್ಷಣ ನಿಲ್ಲಿಸಿ ಕಿಟಕಿಯಿಂದ ಚಾಮುಂಡಿ ಬೆಟ್ಟ ನೋಡಿದೆ. ಎಂದಿನ ಹಾಗೆ ತಣ್ಣಗೆ ಕೂತಿತ್ತು. ಮುಂದಿನ ಸಾಲಿನಲ್ಲಿ ಇನ್ನೊಂದು ಇತ್ತು: ಕ್ಷಿಪಣಿ ಪರೀಕ್ಷೆ. ಸರ್ಕಾರ ಪರೀಕ್ಷೆಗೆಂದು ಹಾರಿಸಿದ ಕ್ಷಿಪಣಿ ದಾರಿ ತಪ್ಪಿ ಮೈಸೂರಿಗೆ ಬಂದು ನಮ್ಮ ಅಡುಗೆಮನೆಗೇ ಬಿದ್ದರೆ ಫ್ರಿಜ್ಜಿಗೆ ದುಡ್ಡು ಉಂಟು.

ಕಳ್ಳತನಕ್ಕೂ ಉಂಟು, ಆದರೆ ಕಳ್ಳ ಸುಮ್ನೆ ಬಂದರೆ ಆಗುವುದಿಲ್ಲ. ಮೊದಲು ಈ ಮೇಲಿನ ಯಾವುದಾದರೂ ಒಂದು ಅನಾಹುತ ಆಗಬೇಕು. ಅದರಿಂದಾಗಿಯೇ, ಅದೂ 7 ದಿನದ ಒಳಗೆ ಅವನು ಬರಬೇಕು. ಎಂಟನೇ ದಿನ ಬಂದವನು ನಮ್ಮ ಸ್ವಂತ ಖರ್ಚಿನ ಕಳ್ಳ.

"ಕೆಟ್ಟೋದ್ರೆ?" ಎಂದು ಹೆಂಡತಿ ನೆಲ ಒರೆಸುತ್ತಾ ಕೇಳಿದಳು.

ಅದು 'ಕೊಡುವುದಿಲ್ಲ' ಎಂಬ ಪಟ್ಟಿಯಲ್ಲಿತ್ತು. ಸವೆದು ಹೋದದ್ದಕ್ಕೆ ಇಲ್ಲ. ಹಳತಾಗಿ ನಿಂತದ್ದಕ್ಕೆ ಇಲ್ಲ. ಕರೆಂಟಿನ ಯಂತ್ರ ಶಾರ್ಟ್ ಸರ್ಕ್ಯೂಟ್ ಆಗಿಯೋ, ತಾನೇ ಕಾದೋ, ಅತಿಯಾಗಿ ಓಡಿಯೋ ಹಾಳಾದರೆ ಆ ಯಂತ್ರಕ್ಕೆ ಇಲ್ಲ. ಆದರೆ ಅದೇ ಯಂತ್ರದಿಂದ ಬೆಂಕಿ ಎದ್ದು ಪಕ್ಕದ ವಸ್ತು ಸುಟ್ಟರೆ ಆ ಪಕ್ಕದ ವಸ್ತುವಿಗೆ ಉಂಟು. ಇದನ್ನು ಎರಡು ಸಲ ಓದಿದೆ. ಹೆಂಡತಿಯೂ ಒರೆಸುವುದು ನಿಲ್ಲಿಸಿ ಇನ್ನೊಂದು ಸಲ ಓದಿಸಿದಳು.

ನಮ್ಮ ಮನೆಯಲ್ಲಿ ಇದುವರೆಗೆ ಹಾಳಾದ ವಸ್ತುಗಳನ್ನು ಲೆಕ್ಕ ಹಾಕಿದೆ. ಯಾವುದೂ ಭೂಕಂಪಕ್ಕೆ ಸಿಕ್ಕಿಲ್ಲ. ಸಂಪಿನ ಮೋಟರಿನ ಕಾಯಿಲ್ ಸುಟ್ಟಿತು. ಬೋರ್ ನೀರಿನ ಉಪ್ಪು ಕಟ್ಟಿ ಗೀಸರಿನ ಕಾಯಿಲ್ ಸತ್ತಿತು. ವಾಷಿಂಗ್ ಮಷೀನಿನ ವೈರನ್ನು ಇಲಿ ಕಡಿಯಿತು. ಆಗ ಮಷೀನಿಗೆ ವಾರಂಟಿ ಇತ್ತು, ಇಲಿ ಕಡಿತಕ್ಕೆ ಇರಲಿಲ್ಲ. ಫ್ರಿಜ್ಜಿಗೂ 10 ವರ್ಷ ವಾರಂಟಿ ಅಂತ ಬಾಗಿಲ ಮೇಲೆ ದೊಡ್ಡ ಸ್ಟಿಕರ್ ಅಂಟಿಸಿದ್ದರು. ಅದು ಕಂಪ್ರೆಸರಿಗೆ ಮಾತ್ರ ಎಂಬುದು ಗ್ಯಾಸ್ ಲೀಕಾದ ದಿನ ತಿಳಿಯಿತು. ಗ್ಯಾಸ್ ಹೋಯಿತು, ಥರ್ಮೋಸ್ಟಾಟ್ ಹೋಯಿತು, ಬಾಗಿಲಿನ ರಬ್ಬರ್ ಹೋಯಿತು. ವಾರಂಟಿ ಇದ್ದಷ್ಟು ದಿನವೂ ಕಂಪ್ರೆಸರ್ ಮಾತ್ರ ಗುಂಡುಕಲ್ಲಿನಂತೆ ಇತ್ತು.

ಯಂತ್ರ ತಾನಾಗಿ ಕೆಟ್ಟರೂ ಕೊಡುವ ವಿಮೆ ಇಲ್ಲವೇ ಇಲ್ಲ ಅಂತಲ್ಲ. ಮನೆಯ ಪ್ಯಾಕೇಜ್ ಪಾಲಿಸಿಗಳಲ್ಲಿ ಅದಕ್ಕೊಂದು ಬೇರೆ ಭಾಗ ಇರುತ್ತದೆ. ಅದಕ್ಕೆ ಬೇರೆ ಪ್ರೀಮಿಯಂ. ಅವರು ಮೊದಲು ಕೇಳುವುದು ಯಂತ್ರದ ವಯಸ್ಸು. ಹೆಣ್ಣು ನೋಡಲು ಬಂದವರಿಗಿಂತ ಜಾಸ್ತಿ ವಿಚಾರಿಸುತ್ತಾರೆ. ಹನ್ನೆರಡು ವರ್ಷ ಎಂದರೆ ಮುಂದಿನ ಮಾತಿಲ್ಲ.

ಟೆಕ್ಸಸ್‌ನಲ್ಲಿರುವ ಅಕ್ಕನ ಮಗನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿಕೊಂಡೆ. "ಅಯ್ಯೋ ಮಾಮ, ಇಲ್ಲೂ ಅಷ್ಟೇ" ಎಂದ. ಅಲ್ಲಿನ ಮನೆ ವಿಮೆಯೂ ಸವೆತಕ್ಕೆ ಕೊಡುವುದಿಲ್ಲ. ಅದಕ್ಕೇ ಅಲ್ಲಿ 'ಹೋಮ್ ವಾರಂಟಿ' ಎಂಬ ಇನ್ನೊಂದು ಕಾಗದ ಮಾರುತ್ತಾರೆ. 1970ರ ದಶಕದಿಂದ ನಡೆದು ಬಂದ ವ್ಯವಹಾರ. ಅದು ವಿಮೆಯಲ್ಲ, ಟೆಕ್ಸಸ್ ಕಾನೂನಿನಲ್ಲಿ 'ರೆಸಿಡೆನ್ಶಿಯಲ್ ಸರ್ವಿಸ್ ಕಾಂಟ್ರಾಕ್ಟ್'. ವರ್ಷಕ್ಕೊಂದು ಮೊತ್ತ ಕಟ್ಟಬೇಕು, ಪ್ರತಿ ಸಲ ಮೆಕ್ಯಾನಿಕ್ ಬಾಗಿಲು ತಟ್ಟಿದಾಗ ಮತ್ತೆ ಫೀಸು. ಎಸಿ, ಗೀಸರ್, ಪೈಪು, ವೈರಿಂಗ್ ಎಲ್ಲ ಅದರಲ್ಲಿ ಸೇರುತ್ತವೆ. ಇವನು ಹಳೇ ಮನೆ ಕೊಂಡಾಗ ಮಾರಿದವರೇ ಮೊದಲ ವರ್ಷದ್ದು ಕಟ್ಟಿಕೊಟ್ಟಿದ್ದರಂತೆ. ಜುಲೈ ತಿಂಗಳ ಬಿಸಿಲಲ್ಲಿ ಎಸಿ ಕೈಕೊಟ್ಟಿತು. ಮೂರನೇ ದಿನ ಬಂದವನು ಫೀಸು ಇಸಕೊಂಡು, ಫಿಲ್ಟರ್ ನೋಡಿ, "ಇದು ಮುಂಚೆಯೇ ಇದ್ದ ಕಾಯಿಲೆ, ಸರಿಯಾಗಿ ನೋಡಿಕೊಂಡಿಲ್ಲ" ಎಂದು ಬರೆದುಕೊಟ್ಟು ಹೋದ. ನನಗೆ ಒಂಥರಾ ಸಮಾಧಾನವಾಯಿತು. ಸುಳ್ಳು ಯಾಕೆ ಹೇಳಲಿ.

ಕೊನೆಗೆ ಮೂಲೆ ಅಂಗಡಿಯ ಭಾಯ್‌ಗೆ ಫೋನ್ ಮಾಡಿದೆ. ಇವರ ಬಳಿ ಪಾಲಿಸಿ ನಂಬರ್ ಕೇಳುವ ಪದ್ಧತಿಯಿಲ್ಲ. "ಕರೆಂಟ್ ಬರ್ತಿದೆಯಾ? ಒಳಗೆ ಲೈಟ್ ಉರಿತಿದೆಯಾ? ಹಿಂದೆ ಟಕ್ ಟಕ್ ಅಂತಿದೆಯಾ?" ಮೂರೇ ಪ್ರಶ್ನೆ. ಅರ್ಧ ಗಂಟೆಯಲ್ಲಿ ಸ್ಕೂಟರ್ ಬಂತು. ಫ್ರಿಜ್ಜನ್ನು ಗೋಡೆಯಿಂದ ಎಳೆದು, ಮಾಡೆಲ್ ನಂಬರ್ ಹುಡುಕಿ, ಅದರ ಮೇಲೆ ಕೂತಿದ್ದ ಹನ್ನೆರಡು ಆಯುಧಪೂಜೆಗಳ ಕುಂಕುಮವನ್ನು ಉಗುರಿನಿಂದ ಕೆರೆದರು. ಆಮೇಲೆ ಕಂಪ್ರೆಸರಿನ ಪಕ್ಕದಿಂದ ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿಯೊಂದನ್ನು ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಗಿಲಗಿಲ ಅಂದಿತು.

"ರಿಲೇ ಸಾರ್. ಅಷ್ಟೇ."

ಹೊಸದು ಹಾಕಿದ ಕೂಡಲೇ ಗೊರಕೆ ಶುರುವಾಯಿತು. ಎಲ್ಲ ಸೇರಿ 650 ರೂಪಾಯಿ. ಇದಕ್ಕೆ ವಾರಂಟಿ ಎಷ್ಟು ಎಂದು ತಮಾಷೆಗೆ ಕೇಳಿದೆ. ಭಾಯ್ ಬಹಳ ಯೋಚಿಸಿ, "ನಾನು ಇಲ್ಲೇ ಇರ್ತೀನಲ್ಲ ಸಾರ್" ಎಂದರು.

ಫ್ರಿಜ್ಜನ್ನು ಮತ್ತೆ ಗೋಡೆಗೆ ತಳ್ಳಲು ಹೊರಟಾಗ ಹೆಂಡತಿ ಅಡ್ಡ ಬಂದಳು. ನಾನು ಗಟ್ಟಿಯಾಗಿ ಓದಿದ್ದು ಅವಳಿಗೆ ಇನ್ನೂ ಮರೆತಿರಲಿಲ್ಲ. ಬಾಗಿಲು ಸರಿಯಾಗಿ ಹಾಕಿಕೊಳ್ಳದ, ನಮ್ಮ ಅತ್ತೆ ಕಾಲದ ಮರದ ಬೀರುವನ್ನು ತೋರಿಸಿ,

"ಸ್ವಲ್ಪ ಆ ಬೀರು ಪಕ್ಕಕ್ಕೇ ಇಡಿ ಭಾಯ್" ಎಂದಳು.