ಟೀವಿ ಕೇಕ್ ಎಲ್ಲಾ ಥರ್ಮಾಕೋಲ್ ಅಂತೆ, ಹೌದಾ?
ಮಡಿಕೇರಿ, ಗೋಣಿಕೊಪ್ಪ ಕಡೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ, ಟೀವಿ ಸ್ಪರ್ಧೆಲಿ ಮಾಡೋ ದೊಡ್ಡ ದೊಡ್ಡ ಥೀಮ್ ಕೇಕ್ ಎಲ್ಲಾ ಬರೀ ಥರ್ಮಾಕೋಲ್, ಯಾರೂ ತಿನ್ನಲ್ಲ ಅಂತ. ಪೂರ್ತಿ ಸುಳ್ಳೂ ಅಲ್ಲ, ಆದ್ರೆ ಹೇಳಿರೋ ರೀತಿ ತಪ್ಪು.

ಬೇಕರಿ ಗಾಜಿನೊಳಗೆ ವರ್ಷಗಟ್ಟಲೆ ಕೂತಿರೋ ಮದುವೆ ಕೇಕ್ ಥರ್ಮಾಕೋಲೇ, ಅದು ಶೋಗೆ. ಟೀವಿದು ಬೇರೆ. 2022ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಶುರುವಾದ 'ಈಸ್ ಇಟ್ ಕೇಕ್?' ನೋಡಿ, ಶೂ, ಬ್ಯಾಗ್ ಥರ ಇರೋ ಕೇಕನ್ನ ಅಸಲಿ ವಸ್ತುಗಳ ಜೊತೆ ಇಡ್ತಾರೆ, ಆಮೇಲೆ ಕ್ಯಾಮೆರಾ ಮುಂದೇನೇ ಚಾಕು ಹಾಕ್ತಾರೆ, ಜಡ್ಜ್‌ಗಳು ತಿಂದೂ ನೋಡ್ತಾರೆ. 2011ರಲ್ಲಿ ಅಮೆರಿಕದ ಫುಡ್ ನೆಟ್‌ವರ್ಕ್ ಶುರು ಮಾಡಿದ 'ಹ್ಯಾಲೋವೀನ್ ವಾರ್ಸ್' ಥರದ್ದರಲ್ಲಿ ಕೇಕ್ ಜೊತೆ ಕೆತ್ತಿದ ಕುಂಬಳಕಾಯಿ, ಸಕ್ಕರೆ ಗೊಂಬೆನೂ ಇರತ್ತೆ, ಹಾಗಾಗಿ ಕಣ್ಣಿಗೆ ಕಾಣೋದೆಲ್ಲಾ ಕೇಕ್ ಅಂದ್ಕೊಳ್ಳೋದೂ ತಪ್ಪೇ.

ಎತ್ತರದ ಕೇಕ್ ಬೀಳಬಾರ್ದು ಅಂತ ಒಳಗೆ ಪೈಪು, ಹಲಗೆ ಕೊಡ್ತಾರೆ, ಕೈಕಾಲು, ತಲೆಗೆ ಮಂಡಕ್ಕಿ ಉಂಡೆ ಥರ ಒಂದು ಮಿಶ್ರಣ ಒತ್ತಿ ಮೇಲೆ ಮಾಡೆಲಿಂಗ್ ಚಾಕಲೇಟೋ (ಜೇಡಿಮಣ್ಣಿನ ಥರ ಆಕಾರ ಕೊಡಬಹುದಾದ ಚಾಕಲೇಟ್) ಫಾಂಡೆಂಟೋ (ಸಕ್ಕರೆ ಹಿಟ್ಟಿನ ಮುದ್ದೆ) ಮೆತ್ತುತಾರೆ. ಪೈಪು, ಹಲಗೆ ಬಿಟ್ಟು ಮಿಕ್ಕಿದ್ದನ್ನ ತಿನ್ನಬಹುದು, ರುಚಿ ಗ್ಯಾರಂಟಿ ನಾನ್ ಕೊಡಲ್ಲ!

ಇನ್ನೊಂದು, ಇದನ್ನ ನೋಡಿ ನಮ್ಮ ಜುಲೈ ಮಳೇಲಿ ಸಕ್ಕರೆ ಹೂ ಮಾಡಕ್ಕೆ ಹೋಗ್ಬೇಡಿ, ತೇವ ಎಳ್ಕೊಂಡು ಅಂಟಂಟಾಗತ್ತೆ.